ಕಾಲು ತಿರುವಿನ ಮಾತ್ರೆ

ಸೊಸೆ ವಿವರಿಸಿ ಹೇಳಿದ್ದರಿಂದಲೇ ಮಾವನಿಗೆ ಆ ಗತಿ ಬಂತು ಎಂಬುದು ಅತ್ತೆಯ ತೀರ್ಮಾನ. ತೀರ್ಮಾನ ಮಾಡುವುದರಲ್ಲಿ ಅತ್ತೆ ಎಂದೂ ತಡಮಾಡಿದವರಲ್ಲ. ತೊಂದರೆ ಏನೆಂದರೆ, ಈ ಸಲ ಅವರ ಮಾತಿನಲ್ಲಿ ಅರ್ಧದಷ್ಟು ನಿಜವಿತ್ತು.

ಸೊಸೆಯ ಕೆಲಸ ಹೃದಯದ್ದು. ಹಾಗಂತ ಡಾಕ್ಟರಲ್ಲ. ಊರಾಚೆಯ ಪ್ರಯೋಗಾಲಯವೊಂದರಲ್ಲಿ ಇಲಿಯ ಹೃದಯವನ್ನು ಬಿಡಿಬಿಡಿ ಜೀವಕೋಶಗಳಾಗಿ ಬಿಡಿಸಿ, ಗಾಜಿನ ತಟ್ಟೆಯಲ್ಲಿಟ್ಟು, ಅವು ಒಂದೊಂದೂ ಮಿಡಿಯುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಕೋಶದೊಳಗೆ ಕ್ಯಾಲ್ಸಿಯಂ ನುಗ್ಗಿದಾಗ ಹಸಿರಾಗಿ ಹೊಳೆಯುವ ಬಣ್ಣವನ್ನು ಮೊದಲೇ ತುಂಬಿರುತ್ತಾರೆ. ಮಿಡಿತಕ್ಕೊಂದು ಹೊಳಪು. ಮದುವೆಯಾಗಿ ಈ ಮನೆಗೆ ಬಂದು ಇಷ್ಟು ವರ್ಷವಾದರೂ ಈ ಕೆಲಸದ ಬಗ್ಗೆ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಇಲಿ ಮುಟ್ಟಿದ ಕೈ ತೊಳ್ಕೊಂಡ್ಯಾ?" ಗಂಡ ಅದನ್ನೂ ಕೇಳಿದವನಲ್ಲ.

ಕೇಳಿದವರು ಮಾವ ಒಬ್ಬರೇ. ಅವರು ನಿವೃತ್ತ ನೀರುಗಂಟಿ. ಬೀದಿಬೀದಿಯ ನೆಲದಡಿ ಹೂತಿದ್ದ ವಾಲ್ವುಗಳನ್ನು ಎದೆಮಟ್ಟದ ಕಬ್ಬಿಣದ ಕೀಲಿಯಿಂದ ತಿರುಗಿಸಿ, ಊರಿಗೆಲ್ಲ ಪಾಳಿಯ ಮೇಲೆ ನೀರು ಬಿಟ್ಟವರು. ಆ ಕೀಲಿ ಈಗಲೂ ಮುಂಬಾಗಿಲ ಹಿಂದೆ ನಿಂತಿದೆ. ಕಸ ಗುಡಿಸುವಾಗಲೂ ಅದನ್ನು ಯಾರೂ ಅಲುಗಿಸುವಂತಿಲ್ಲ. ಮಾವನ ಪ್ರಕಾರ ಜಗತ್ತಿನಲ್ಲಿ ಇರುವುದು ಎರಡೇ ಥರದ ಜನ: ವಾಲ್ವನ್ನು ಕಾಲು ಕಾಲು ತಿರುವಾಗಿ ತೆಗೆಯುವವರು, ಮತ್ತೆ ಪೈಪು ಒಡೆಯುವವರು. ಮಗನನ್ನು ಅವರು ಎರಡನೆಯ ಗುಂಪಿಗೆ ಸೇರಿಸಿ ಬಹಳ ಕಾಲವಾಗಿತ್ತು.

ಕಳೆದ ವರ್ಷದಿಂದ ಮಾವನ ಎದೆ ಇದ್ದಕ್ಕಿದ್ದಂತೆ ಓಡತೊಡಗಿತು. ಡಾಕ್ಟರು ಒಂದು ದಪ್ಪ ಮಾತ್ರೆ ಬರೆದುಕೊಟ್ಟು ದಿನಕ್ಕೊಂದು, ಬೆಳಿಗ್ಗೆ ಎಂದರು. ಒಂದು ಸಂಜೆ ಮಾವ ಅದನ್ನು ಅಂಗೈಯಲ್ಲಿಟ್ಟುಕೊಂಡು ಸೊಸೆಯ ಎದುರು ಕೂತರು.

"ಇದು ಒಳಗೆ ಹೋಗಿ ಏನ್ ಮಾಡುತ್ತಮ್ಮಾ?"

ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಕಾಗದ, ಪೆನ್ನು ತಂದಳು.

"ಹೃದಯದ ಒಂದೊಂದು ಕೋಶದ ಗೋಡೆಯಲ್ಲೂ ಸಣ್ಣ ಸಣ್ಣ ಗೇಟುಗಳಿವೆ ಮಾವ. ಪ್ರತಿ ಮಿಡಿತಕ್ಕೂ ಅಲ್ಲಿಂದ ಚೂರು ಕ್ಯಾಲ್ಸಿಯಂ ಒಳಗೆ ಬರುತ್ತೆ. ಅದು ಸಾಲಲ್ಲ. ಆದರೆ ಅದು ಬಂದು ತಟ್ಟಿದ್ರೆ, ಒಳಗೇ ಒಂದು ಟ್ಯಾಂಕ್ ಇದೆ ನೋಡಿ, ಅದರ ದೊಡ್ಡ ಗೇಟು ತೆರೆದುಕೊಳ್ಳುತ್ತೆ. ಆಗ ಅದರಲ್ಲಿರೋ ಕ್ಯಾಲ್ಸಿಯಂ ಧುಮುಕುತ್ತೆ. ಕೋಶ ಬಿಗಿಯುತ್ತೆ."

"ಆಮೇಲೆ?"

"ಪಂಪು ಅದನ್ನ ಎತ್ತಿ ವಾಪಸ್ ಟ್ಯಾಂಕಿಗೆ ತುಂಬುತ್ತೆ."

"ಕರೆಂಟ್ ಹೋಗಲ್ವಾ?"

"ಹೋದ್ರೆ ನಾವೂ ಹೋದ ಹಾಗೆ."

ಮಾವ ತಲೆಯಾಡಿಸಿದರು. ಅವರ ಇಡೀ ನೌಕರಿಯಲ್ಲಿ ಇಷ್ಟು ಅಚ್ಚುಕಟ್ಟಾದ ನೀರು ಸರಬರಾಜನ್ನು ಅವರು ಕಂಡಿರಲಿಲ್ಲ. ಈ ಮಾತ್ರೆ ಹೊರಗಿನ ಗೇಟನ್ನು ಸ್ವಲ್ಪ ಬಿಗಿಮಾಡುತ್ತದೆ ಎಂದು ಸೊಸೆ ಹೇಳಿದಳು. ಮಾತಿಗೆ ಮಾತು ಬಂದು ತನ್ನ ಕೆಲಸದ ಕಷ್ಟವನ್ನೂ ಹೇಳಿಕೊಂಡಳು: ಕೋಶಗಳನ್ನು ಬಿಡಿಸುವಾಗ ಕ್ಯಾಲ್ಸಿಯಂ ಇಲ್ಲದ ನೀರಿನಲ್ಲಿ ಇಡಬೇಕು, ಆಮೇಲೆ ಒಂದೇ ಸಲ ಕ್ಯಾಲ್ಸಿಯಂ ಸುರಿದರೆ ಇಟ್ಟಿಗೆಯಂತಿದ್ದ ಕೋಶಗಳು ಮುದುಡಿ ಉಂಡೆಯಾಗಿ ಸಾಯುತ್ತವೆ, ತೊಟ್ಟು ತೊಟ್ಟಾಗಿ, ಕಾದು ಕಾದು ಕೊಡಬೇಕು.

"ಅದೇ ಮತ್ತೆ! ಕಾಲು ತಿರುವು!" ಎಂದು ಮಾವ ಮಂಡಿ ತಟ್ಟಿದರು.

"ಆದ್ರೆ ಮಾವ, ಈ ಮಾತ್ರೆ ಇದೆಯಲ್ಲ, ಇದನ್ನ..." ಎಂದು ಅವಳು ಶುರುಮಾಡುವಷ್ಟರಲ್ಲಿ ಅಡುಗೆಮನೆಯಿಂದ ಅತ್ತೆಯ ಕೂಗು ಬಂತು.

"ಹಾಲು ಉಕ್ತಿದೆ! ಯಾರಾದ್ರೂ ಬದುಕಿದ್ದೀರಾ ಆ ಕಡೆ?"

ಅವಳು ಎದ್ದು ಓಡಿದಳು. ಆ ಮಾತ್ರೆ ದಿನವಿಡೀ ನಿಧಾನವಾಗಿ ಔಷಧಿ ಬಿಡುವಂತೆ ಮಾಡಿದ್ದು, ಅದನ್ನು ಇಡಿಯಾಗಿಯೇ ನುಂಗಬೇಕು ಎಂಬ ಮಾತು ಅವಳ ಬಾಯಲ್ಲೇ ಉಳಿಯಿತು. ಹಾಲು ಒರೆಸಿದ ಮೇಲೆ ನೆನಪಾಗಲಿಲ್ಲ.

ಒಂದೆರಡು ವಾರ ಕಳೆದು, ಒಂದು ಬೆಳಿಗ್ಗೆ ಮಾವ ಬಚ್ಚಲಿನ ಹೊಸ್ತಿಲ ಮೇಲೆ ಕೂತುಬಿಟ್ಟಿದ್ದರು. ಮುಖ ಬೂದಿ ಬಣ್ಣ. ಮೈಯೆಲ್ಲ ತಣ್ಣನೆಯ ಬೆವರು. ಸೊಸೆ ಮಣಿಕಟ್ಟು ಹಿಡಿದಳು. ಒಂದು ಮಿಡಿತ ಆಗಿ ಇನ್ನೊಂದು ಬರುವಷ್ಟರಲ್ಲಿ ಅವಳ ಜೀವ ಬಾಯಿಗೆ ಬಂದಿತ್ತು. ದಿನಾ ನೂರಾರು ಮಿಡಿತ ನೋಡುವವಳು ಈ ಮನೆಯವರ ಕೈ ಹಿಡಿದು ನಾಡಿ ನೋಡಿದ್ದು ಅದೇ ಮೊದಲು.

ಗಂಡ ಕಾರು ಓಡಿಸಿದ. ಪೈಪು ಒಡೆಯುವವರ ಗುಂಪಿನವನಾದರೂ ಅಂದು ಚೆನ್ನಾಗಿಯೇ ಓಡಿಸಿದ. ಹಿಂದಿನ ಸೀಟಿನಲ್ಲಿ ಅತ್ತೆ ಮಾವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಅವರನ್ನು ಬೈಯುತ್ತಲೇ ಇದ್ದರು. ಬೈಗುಳ ನಿಂತರೆ ಅಳು ಬರುತ್ತದೆಂದು ಅವರಿಗೆ ಗೊತ್ತಿತ್ತು.

ತುರ್ತು ಚಿಕಿತ್ಸೆಯ ಕೋಣೆಯಲ್ಲಿ ಡ್ಯೂಟಿ ಡಾಕ್ಟರು ಎದೆಗೆ ವೈರು ಅಂಟಿಸಿದರು. ಮಿಡಿತ ಮೂವತ್ತರ ಆಸುಪಾಸು. ಬಿಪಿ ಕೆಳಗೆ, ಇನ್ನೂ ಇಳಿಯುತ್ತಿತ್ತು.

"ಮಾತ್ರೆ ಏನಾದ್ರೂ ಹೆಚ್ಚಾಗಿ ತಗೊಂಡ್ರಾ ಅಜ್ಜ?"

"ದಿನಕ್ಕೊಂದೇ," ಎಂದರು ಮಾವ, ಕಣ್ಣು ಮುಚ್ಚಿಯೇ.

"ದಿನಕ್ಕೊಂದೇ ಡಾಕ್ಟ್ರೇ. ಬೆಳಿಗ್ಗೆ ನಾನೇ ಕೈಗೆ ಕೊಡ್ತೀನಿ," ಎಂದರು ಅತ್ತೆ.

ಡಾಕ್ಟರ ಹುಬ್ಬು ಗಂಟಾಯಿತು. ಕಾರಣ ತಿಳಿಯದೆ ಔಷಧಿ ಕೊಡುವುದು ಕತ್ತಲೆಯಲ್ಲಿ ಕಲ್ಲೆಸೆದ ಹಾಗೆ. ಹೃದಯಾಘಾತವೋ ಏನೋ ನೋಡೋಣ ಎನ್ನತೊಡಗಿದರು. ಹೊತ್ತು ಹೋಗುತ್ತಿತ್ತು. ಸೊಸೆಗೆ ಮಾವನ ಮೇಲೆ ಒಂದು ನಂಬಿಕೆಯಿತ್ತು: ಅವರು ಸುಳ್ಳು ಹೇಳುವುದಿಲ್ಲ. ಆದರೆ ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಡುತ್ತಾರೆ. ಅವಳು ಅವರ ಕಿವಿಯ ಹತ್ತಿರ ಬಗ್ಗಿದಳು.

"ಮಾವ, ಯಾವುದಾದ್ರೂ ಬೀದಿಗೆ ಒಂದಿನ ನೀರಿನ ಪಾಳಿ ತಪ್ಪಿದ್ರೆ ಏನ್ ಮಾಡ್ತಿದ್ರಿ?"

ಮಾವ ಕಣ್ಣು ತೆರೆದರು. ಕಸುಬಿನ ಪ್ರಶ್ನೆ, ಬಿಡಲಾಗುತ್ತದೆಯೇ?

"ಮಾರನೇ ದಿನ ಎರಡು ಪಾಳಿನೂ ಒಟ್ಟಿಗೆ ಬಿಡ್ತಿದ್ದೆ."

"ಮಾತ್ರೆನೂ ಹಾಗೇನಾ?"

ಮಾವ ಅತ್ತೆಯ ಕಡೆಗೊಮ್ಮೆ ಕಳ್ಳನೋಟ ಬೀರಿದರು.

"ನಿನ್ನೆ ಮರೆತೋಯ್ತು," ಎಂದರು ಮಾವ. "ನಿನ್ನೆದು ನಾಲ್ಕು ತುಂಡು, ಇವತ್ತಿಂದು ನಾಲ್ಕು. ಒಟ್ಟಿಗೆ ಅಗಿದುಬಿಟ್ಟೆ."

"ತುಂಡಾ?" ಎಂದರು ಡಾಕ್ಟರು.

ತುಂಡೇ. ಅಷ್ಟು ದಪ್ಪ ಮಾತ್ರೆಯನ್ನು ಒಂದೇ ಸಲ ನುಂಗುವುದು ವಾಲ್ವನ್ನು ಒಂದೇ ಸಲ ಎಳೆದಂತೆ ಎಂದು ಮಾವನಿಗೆ ಅನ್ನಿಸಿತ್ತು. ಆ ಸಂಜೆಯ ಮರುದಿನದಿಂದಲೇ ಅತ್ತೆ ಕೊಟ್ಟ ಮಾತ್ರೆಯನ್ನು ಹಿತ್ತಿಲಿಗೆ ಒಯ್ದು, ಪೈಪು ಕೊಯ್ಯುವ ಗರಗಸದ ಬ್ಲೇಡಿನಿಂದ ನಾಲ್ಕು ತುಂಡು ಮಾಡಿ, ಹಳೆಯ ವಾಷರ್ ಡಬ್ಬಿಯಲ್ಲಿಟ್ಟುಕೊಂಡು, ಹೊತ್ತಿಗೊಂದರಂತೆ ತಿನ್ನುತ್ತಿದ್ದರು. ನಿಧಾನವಾಗಿ ಬಿಡಲೆಂದೇ ಮಾಡಿದ ಮಾತ್ರೆಯ ಕಟ್ಟೆಯನ್ನು ಅವರು ನಿಧಾನಕ್ಕೋಸ್ಕರವೇ ಒಡೆದಿದ್ದರು.

ಡಾಕ್ಟರು ತಕ್ಷಣ ನರ್ಸಿಗೆ ಹೇಳಿದರು: "ಕ್ಯಾಲ್ಸಿಯಂ ತನ್ನಿ. ನರಕ್ಕೆ, ನಿಧಾನವಾಗಿ."

ಮಾವನ ತುಟಿ ಅಲುಗಿತು. "ಗೇಟೇ ಮುಚ್ಚಿರುವಾಗ ನೀರು ಬಿಟ್ಟು ಏನಮ್ಮಾ ಪ್ರಯೋಜನ?"

"ಹೊರಗೆ ಪ್ರೆಶರ್ ಜಾಸ್ತಿ ಮಾಡಿದ್ರೆ ಸಂದಿಯಲ್ಲಾದ್ರೂ ಒಳಗೆ ಹೋಗುತ್ತೆ ಮಾವ."

"ಹೂಂ. ಹೋಗುತ್ತೆ," ಎಂದು ಮಾವ ಒಪ್ಪಿಗೆ ಕೊಟ್ಟು ಕಣ್ಣು ಮುಚ್ಚಿದರು.

ಅವಳು ಪರದೆಯ ಮೇಲಿನ ಅಂಕಿಯನ್ನೇ ನೋಡುತ್ತ ನಿಂತಳು. ಪ್ರಯೋಗಾಲಯದಲ್ಲಿ ಕೋಶಗಳು ಸತ್ತರೆ ತಟ್ಟೆ ತೊಳೆದು ಮರುದಿನ ಮತ್ತೆ ಶುರುಮಾಡುತ್ತಾರೆ. ಇಲ್ಲಿ ಇರುವುದು ಒಬ್ಬರೇ ಮಾವ. ಆ ಮನೆಯಲ್ಲಿ ಅವಳನ್ನು "ಆಮೇಲೆ?" ಎಂದು ಕೇಳುವವರು ಅವರೊಬ್ಬರೇ. ಅವರನ್ನು ಇಲ್ಲಿಗೆ ತಂದು ಮಲಗಿಸಿದ್ದು ತನ್ನದೇ ಮಾತು. ಅಂಕಿ ಮೂವತ್ತನಾಲ್ಕಾಯಿತು. ಬಹಳ ಹೊತ್ತು ಅಲ್ಲೇ ಕೂತಿತು. ಆಮೇಲೆ ಆತುರವಿಲ್ಲದೆ ನಲವತ್ತು ದಾಟಿತು. ಮಧ್ಯಾಹ್ನದ ಹೊತ್ತಿಗೆ ಮಾವ ಡ್ರಿಪ್ಪಿನ ಚಕ್ರವನ್ನು ನರ್ಸು ತಿರುಗಿಸುವ ರೀತಿಯಲ್ಲಿ ತಪ್ಪು ಹುಡುಕಿದರು. ಹೋದ ಜೀವ ಬಂದಿದೆ ಎಂದು ಎಲ್ಲರಿಗೂ ಖಾತ್ರಿಯಾದದ್ದು ಆಗಲೇ.

ಮನೆಗೆ ಬಂದ ಮೇಲೆ ಅತ್ತೆ ಗರಗಸದ ಬ್ಲೇಡನ್ನೂ ವಾಷರ್ ಡಬ್ಬಿಯನ್ನೂ ಅಟ್ಟಕ್ಕೆ ಹಾಕಿದರು. ಮಾತ್ರೆಯನ್ನು ಕೈಗೆ ಕೊಟ್ಟು ಹೋಗದೆ, ಮಾವ ಬಾಯಿ ತೆರೆದು ತೋರಿಸುವವರೆಗೂ ಎದುರೇ ನಿಲ್ಲತೊಡಗಿದರು. ಸೊಸೆಗೆ ಒಂದೇ ಮಾತು: "ಇನ್ಮೇಲೆ ಈ ಮನೇಲಿ ಯಾರಿಗೂ ಏನೂ ವಿವರಿಸಬೇಡ." ಅವಳು ವಿವರಿಸಲಿಲ್ಲ. ಬರುವಳು, ಕೈ ತೊಳೆಯುವಳು, ಊಟ ಮಾಡಿ ಮಲಗುವಳು. ಮಾವ ಏನೋ ಕೇಳಲು ಬಾಯಿ ತೆರೆಯುವರು, ಅತ್ತೆಯ ಮುಖ ನೋಡಿ ಮುಚ್ಚುವರು.

ಒಂದು ಸಂಜೆ ಮಾವನಿಗೆ ತಡೆಯಲಾಗಲಿಲ್ಲ.

"ಅಲ್ಲಮ್ಮಾ, ಆ ಮಾತ್ರೆ ಒಳಗೆ ಹೋಗಿ ತಾನಾಗೇ ನಿಧಾನಕ್ಕೆ ಹೇಗೆ ಬಿಡುತ್ತೆ? ಅದಕ್ಕೆ ಕೀಲಿ ತಿರುಗಿಸೋರು ಯಾರು?"

ಸೊಸೆ ಅಡುಗೆಮನೆಯ ಬಾಗಿಲ ಕಡೆ ನೋಡಿದಳು. ಅತ್ತೆ ಅಲ್ಲೇ ನಿಂತಿದ್ದರು, ಸೆರಗಿಗೆ ಕೈ ಒರೆಸಿಕೊಳ್ಳುತ್ತ. ಬಂದು ಸ್ಟೂಲು ಎಳೆದು ಇಬ್ಬರ ನಡುವೆ ಕೂತರು.

"ಅವತ್ತು ನಡುವೆ ಕರೆದಿದ್ದು ನಾನೇ ಅಲ್ವಾ," ಎಂದರು, ಯಾರ ಮುಖವನ್ನೂ ನೋಡದೆ. "ಮೊದಲಿಂದ ಹೇಳು. ಆ ಟ್ಯಾಂಕಿನ ವಿಷಯದಿಂದ. ನನಗೂ ಅರ್ಥ ಆಗೋ ಹಾಗೆ ಹೇಳು."

ಸೊಸೆ ಕಾಗದ ತಂದು ಒಂದು ಕೋಶದ ಚಿತ್ರ ಬರೆದಳು, ಗೋಡೆಯಲ್ಲಿ ಒಂದು ಸಣ್ಣ ಗೇಟು ಬರೆದಳು. ಅಷ್ಟರಲ್ಲಿ ಒಳಗಿನಿಂದ ಸುಟ್ಟ ವಾಸನೆ ಬಂತು.

"ಅತ್ತೆ, ಹಾಲು..."

"ಉಕ್ಕಲಿ ಬಿಡು," ಎಂದರು ಅತ್ತೆ. "ಆಮೇಲೆ?"