ರಾವ್ನಾಳ ಏಳು ಹೆರ್ಗಿಗಳು

ಹಿಮಸಾರಂಗ ಸಾಕುವವರನ್ನು ಏನು ಬೇಕಾದರೂ ಕೇಳಬಹುದು, "ಎಷ್ಟಿವೆ?" ಎಂದು ಮಾತ್ರ ಕೇಳಬಾರದು. ಕಚೇರಿಯಿಂದ ಬಂದ ಐವಿನ್ ದೊಡ್ಡಿಯ ಬಾಗಿಲಲ್ಲೇ ಅದನ್ನು ಕೇಳಿಬಿಟ್ಟ. ಪಾಪ, ಅವನ ನೌಕರಿಯೇ ಅದು.

"ಇವೆಯಪ್ಪಾ, ದೇವರು ಕೊಟ್ಟಷ್ಟು," ಎಂದಳು ರಾವ್ನಾ. "ನಿಮ್ಮನೇಲಿ ಎಷ್ಟು ಚಡ್ಡಿ ಒಣಹಾಕಿದೀರ ಅಂತ ನಾನು ಕೇಳಿದ್ನಾ?"

ದೊಡ್ಡಿಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಐವಿನ್ ಕಿವಿಯವರೆಗೂ ಕೆಂಪಾದ. ಆದರೂ ಹುಡುಗ ಕೆಟ್ಟವನಲ್ಲ. ನಕ್ಕವರ ಜೊತೆ ತಾನೂ ನಕ್ಕು, ಚೀಲದಿಂದ ಕಾಗದ ತೆಗೆದ. ಸರ್ಕಾರದ ಆಜ್ಞೆ ಏನೆಂದರೆ, ಮೇವು ಸವೆಯುತ್ತಿದೆ, ಹಿಮ ಬೀಳುವ ಮುಂಚೆ ಪ್ರತಿಯೊಬ್ಬರೂ ನಾಲ್ಕರಲ್ಲಿ ಒಂದನ್ನು ಕಸಾಯಿಗೆ ಕೊಡಬೇಕು. ಮೊದಲು ಹೋಗಬೇಕಾದವು ಹೆರ್ಗಿಗಳು, ಅಂದರೆ ಬೀಜ ಒಡೆಸಿದ ದೊಡ್ಡ ಗಂಡುಗಳು. ಅವು ಮರಿ ಹಾಕುವುದಿಲ್ಲ, ವಯಸ್ಸಾದ ಮೇಲೆ ಮೈಯೂ ಬೆಳೆಯುವುದಿಲ್ಲ. ಹಿಂಡಿನಲ್ಲಿ ಬರೀ ಹೆಣ್ಣುಗಳನ್ನು ಉಳಿಸಿಕೊಂಡರೆ ಅಪಾಯ ಕಡಿಮೆ, ಸಹಾಯಧನವೂ ಉಂಟು.

ಮೇವು ಸವೆದದ್ದು ಸುಳ್ಳಲ್ಲ. ಹಿಮಸಾರಂಗಗಳು ಮೇಯುವ ನೆಲದ ಕಲ್ಲುಹೂವು ತೆಳ್ಳಗಾದದ್ದನ್ನು ರಾವ್ನಾ ಕಣ್ಣಾರೆ ಕಂಡಿದ್ದಳು. ನಾಲ್ಕರಲ್ಲಿ ಒಂದನ್ನು ಕೊಡಲು ಅವಳದೇನೂ ತಕರಾರಿಲ್ಲ. ಆದರೆ ಯಾವುದನ್ನು ಕೊಡಬೇಕು ಎಂದು ಹೇಳಲು ಇವರ‍್ಯಾರು?

"ಹೆರ್ಗಿ ಕೊಡಲ್ಲ," ಎಂದಳು. "ಬದಲಿಗೆ ಇನ್ನೇಳು ಹೆಣ್ಣು ತಗೊಂಡು ಹೋಗು."

"ಮರಿ ಹಾಕೋ ಹೆಣ್ಣುಗಳನ್ನಾ?" ಐವಿನ್ ಪೆನ್ನು ಕೆಳಗಿಳಿಸಿದ. "ರಾವ್ನಾ ಅವರೇ, ಸಹಾಯಧನ ನಿಂತುಹೋಗುತ್ತೆ. ವಸಂತಕ್ಕೆ ಮರೀನೂ ಕಮ್ಮಿ."

"ವಸಂತಕ್ಕೆ ಹಿಂಡು ಬದುಕಿರಬೇಕಲ್ಲಪ್ಪಾ ಮೊದಲು!"

ಬೇಲಿಗೆ ಒರಗಿ ನಿಂತಿದ್ದ ತಮ್ಮ ಆಸ್ಲತ್‌ಗೆ ತಡೆಯಲಾಗಲಿಲ್ಲ. ಅವನ ಹಿಂಡು ಪಕ್ಕದ ಕಣಿವೆಯದು. ಆ ಬೆಳಿಗ್ಗೆಯೇ ತನ್ನ ಹೆರ್ಗಿಗಳನ್ನೆಲ್ಲ ಲಾರಿ ಹತ್ತಿಸಿ ಕೈತೊಳೆದುಕೊಂಡಿದ್ದ. "ಅಕ್ಕಾ, ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದಂತೆ. ಆ ನಿನ್ನ ಮುದಿ ಹೆರ್ಗಿ ಮುಜೆತ್‌ಗೆ ಹದಿನಾಲ್ಕು ವರ್ಷ. ಅವನನ್ನ ಮೇಯಿಸ್ತಾ ಕೂತ್ರೆ ಹಿಂಡು ಮಾರಿ ಪೇಟೇಲಿ ನೆಲ ಒರೆಸ್ಬೇಕಾಗುತ್ತೆ, ನೋಡ್ತಿರು."

"ನೆಲ ಒರೆಸೋಕೂ ಬರುತ್ತೆ ನಂಗೆ. ನೀನು ನಿನ್ನ ಮೂಗು ಒರೆಸ್ಕೋ."

ಬಾಯಿಗೇನೋ ಹಾಗೆ ಬಂತು. ಮನೆಗೆ ಬಂದ ಮೇಲೆ ಮಾತ್ರ ಒಂದು ಬೂಟು ಕಳಚಿ, ಇನ್ನೊಂದನ್ನು ಮರೆತು ಕೂತಳು. ಆಸ್ಲತ್ ಹೇಳಿದ್ದರಲ್ಲಿ ಸುಳ್ಳೇನಿತ್ತು? ಗಂಡ ಆಂತೆಯ ಸೊಂಟ ಹೋಗಿ ಎರಡು ವರ್ಷವಾಗಿತ್ತು. ಈ ಸಲ ಎಣಿಕೆ ತಪ್ಪಿದರೆ ಅಮ್ಮನಿಂದ ಬಂದ ಹಿಂಡು ಅವಳ ಕೈಯಲ್ಲೇ ಮುಗಿದುಹೋಗುತ್ತಿತ್ತು.

"ತಪ್ಪು ಮಾಡಿದ್ನೇನೋ," ಎಂದಳು.

ಆಂತೆ ಸಾರಿನ ಪಾತ್ರೆಯಿಂದ ಮೂಳೆಯೊಂದನ್ನು ಅವಳ ತಟ್ಟೆಗೆ ಹಾಕಿದ. "ಮಾಡಿದ್ರೆ ಮಾಡ್ದೆ ಬಿಡು. ಮಜ್ಜೆ ಬಿಸಿ ಇದೆ, ಮೊದಲು ತಿನ್ನು."

ನವೆಂಬರಿನಲ್ಲಿ ಮುಳುಗಿದ ಸೂರ್ಯ ಇನ್ನೂ ಮರಳದ ಜನವರಿಯಲ್ಲಿ ಮಳೆ ಬಂತು. ಹಿಮದ ಮೇಲೆ ಮಳೆ! ಎರಡು ದಿನ ಸುರಿದು ಮೂರನೆಯ ದಿನ ಥಂಡಿ ಹಿಡಿಯಿತು, ಬಯಲಿಗೆ ಬಯಲೇ ಮುಚ್ಚಳ ಹಾಕಿದಂತಾಯಿತು. ಕೆಳಗೆ ಕಲ್ಲುಹೂವು, ಮೇಲೆ ಬೂಟಿಗೂ ಬಗ್ಗದ ಮಂಜುಗಡ್ಡೆ. ಹೆಣ್ಣುಗಳು ಗೊರಸಿನಿಂದ ಕೆರೆದು ಕೆರೆದು ಸೋತು, ತಲೆತಗ್ಗಿಸಿ ನಿಂತವು. ಹೊಟ್ಟೆಯಲ್ಲಿ ಮರಿ ಇದ್ದದ್ದು ಬೇರೆ.

ಮುಜೆತ್ ಮುಂದೆ ಬಂದ. ಮೈ ಕಪ್ಪುಕಂದು, ಕತ್ತು ಹೋರಿಯಂಥದ್ದು. ಮುಂಗಾಲೆತ್ತಿ ಒಂದು, ಎರಡು, ಮೂರು ಏಟು ಹಾಕಿದ. ನಾಲ್ಕನೆಯದಕ್ಕೆ ಗಡ್ಡೆ ಚಟಾರನೆ ಒಡೆಯಿತು. ಅವನು ಮೂತಿ ಇಟ್ಟು ಎರಡು ತುತ್ತು ತಿಂದಿದ್ದನೋ ಇಲ್ಲವೋ, ಹೆಣ್ಣೊಂದು ಕೊಂಬಿನಿಂದ ತಿವಿದು ಅವನನ್ನು ಅಟ್ಟಿ ಗುಂಡಿಗೆ ಬಾಯಿ ಹಾಕಿತು. ಮುಜೆತ್ ಜಗಳವಾಡದೆ ನಾಲ್ಕು ಮಾರು ಆಚೆ ಹೋಗಿ ಮತ್ತೆ ಕಾಲೆತ್ತಿದ. ಉಳಿದ ಆರು ಹೆರ್ಗಿಗಳೂ ಹಾಗೆಯೇ ದುಡಿದವು, ದಿನವಿಡೀ.

"ಅಯ್ಯೋ ನನ್ನಪ್ಪಾ!" ಎಂದು ರಾವ್ನಾ ಬಯಲಲ್ಲಿ ಒಬ್ಬಳೇ ಕೂಗಿಕೊಂಡಳು. ಅಳು ಬಂತು, ನಗುವೂ ಬಂತು.

ಸೂರ್ಯ ಮರಳಿದ ವಾರ ಆಸ್ಲತ್ ಬಂದ. ಕಾಫಿ ಕುಡಿದ. ಗಾಳಿಯ ಮಾತಾಡಿದ. ಇನ್ನೊಂದು ಲೋಟ ಕುಡಿದ. ಹಿಮದ ಮೇಲೋಡುವ ಸ್ಕೂಟರಿನ ಬೆಲ್ಟಿನ ಮಾತಾಡಿದ. ಮೂರನೆಯ ಲೋಟದ ಹೊತ್ತಿಗೆ ಅಸಲು ಮಾತಿಗೆ ಬಂದ. ಅವನ ಕಣಿವೆಯಲ್ಲಿ ಗಡ್ಡೆ ಒಡೆಯುವವರೇ ಇರಲಿಲ್ಲ. ಕಚೇರಿ ಕಳಿಸುತ್ತೇನೆಂದಿದ್ದ ಮೇವಿನ ಲಾರಿ ಇನ್ನೂ ದಾರಿಯಲ್ಲಿತ್ತು. ಎಷ್ಟು ಸತ್ತವು ಎಂದು ರಾವ್ನಾ ಕೇಳಲಿಲ್ಲ. ಅದನ್ನೂ ಕೇಳಬಾರದು.

ನೆಲ ಒರೆಸುವ ಮಾತು ಅವಳ ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡಳು.

"ನಿನ್ನ ಹಿಂಡನ್ನ ಈ ಕಡೆ ಬಿಡೋ," ಎಂದಳು.

ಹಿಂಡು ಬೆರೆಸುವುದೆಂದರೆ ಆಟವಲ್ಲ. ಇರುವ ಮೇವು ಹಂಚಿಹೋಗುತ್ತದೆ. ಬೇರ್ಪಡಿಸುವಾಗ ಒಂದೊಂದರ ಕಿವಿಯ ಗುರುತು ನೋಡಿ ಎಳೆಯಬೇಕು, ಅದು ವಾರದ ಕೆಲಸ. ಆಸ್ಲತ್ ಲೋಟ ಕೆಳಗಿಟ್ಟ. "ನಿಂಗೇ ಸಾಲದೆ ಹೋದ್ರೆ ಅಕ್ಕಾ?"

"ಮುಜೆತ್‌ನ ಕೇಳು. ಕೂತು ತಿನ್ನೋನು ಅವನಲ್ವಾ!"

ಇಷ್ಟಾದರೂ ಹೇಳದಿದ್ದರೆ ಅವಳು ಅಕ್ಕ ಹೇಗಾದಾಳು? ಆಸ್ಲತ್ ಮುಖ ತಿರುಗಿಸಿ ಕಣ್ಣೊರೆಸಿಕೊಂಡ, ಆಮೇಲೆ ನಕ್ಕ.

ಆ ಚಳಿಗಾಲ ಎರಡು ಹಿಂಡೂ ಬಡಕಲಾದವು, ಆದರೆ ನಿಂತವು. ವಸಂತಕ್ಕೆ ರಾವ್ನಾಳ ಹಿಂಡಿನಲ್ಲಿ ಮರಿ ಕಡಿಮೆಯೇ ಆದವು, ಐವಿನ್ ಹೇಳಿದಂತೆಯೇ. ಆದವೆಲ್ಲ ಬದುಕಿದವು. ಮುಜೆತ್ ಮಾತ್ರ ಹಿಮ ಕರಗುವ ಹೊತ್ತಿಗೆ ಹೊಳೆಯ ಬದಿ ಮಲಗಿದವನು ಏಳಲಿಲ್ಲ. ಗೊರಸುಗಳು ಅರ್ಧಕ್ಕರ್ಧ ಸವೆದಿದ್ದವು. ರಾವ್ನಾ ಅವನ ಪಕ್ಕ ಕೂತು ಮನಸಾರೆ ಅತ್ತು, ಕೊಂಬುಗಳನ್ನು ಮನೆಗೆ ತಂದಳು.

ಬೇಸಿಗೆಯಲ್ಲಿ ಮರಿಗಳ ಕಿವಿಗೆ ಗುರುತು ಹಾಕುವ ದಿನ ಐವಿನ್ ಮತ್ತೆ ಬಂದ. ಈ ಸಲ ಎಷ್ಟಿವೆ ಎಂದು ಕೇಳಲಿಲ್ಲ, "ಚೆನ್ನಾಗಿದಾವಾ?" ಎಂದ. ಫಾರಂ ಮಾತ್ರ ಹಳೆಯದೇ.

ಆಸ್ಲತ್ ತನ್ನ ಗುರುತಿನ ಗಂಡುಮರಿಯೊಂದನ್ನು ಎತ್ತಿಕೊಂಡು ಬಂದ. ಗುಂಪಿನಲ್ಲೇ ದೊಡ್ಡದು, ಕಪ್ಪುಕಂದು. ಶರತ್ಕಾಲದಲ್ಲಿ ಕಸಾಯಿಗೆ ಕೊಟ್ಟರೆ ಒಳ್ಳೆಯ ಬೆಲೆ ಬರುವಂಥದ್ದು.

"ಇದನ್ನ ಕಸಾಯಿಗೆ ಕೊಡೋ ಪಟ್ಟೀಲಿ ಬರೀಲಾ?" ಎಂದ ಐವಿನ್.

"ಬೇಡ," ಎಂದ ಆಸ್ಲತ್. "ಇವನ ಬೀಜ ಒಡೆಸ್ತೀನಿ."

"ಗಡ್ಡೆ ಒಡೆಯೋವಷ್ಟು ಆಗೋಕೆ ಐದಾರು ವರ್ಷ ಬೇಕು ಕಣೋ," ಎಂದಳು ರಾವ್ನಾ. "ಅಲ್ಲೀತನಕ ಕೂತು ತಿಂತಾನೆ."

"ತಿನ್ಲಿ ಬಿಡಕ್ಕಾ," ಎಂದು ಆಸ್ಲತ್ ಮರಿಯನ್ನು ಕೆಳಗಿಳಿಸಿದ.