ಭಾವ ಖಾಲಿ ಮಾಡಿದ ಚೀಲ

ನನ್ನ ಭಾವನಿಗೆ ಕೊಳೆ ಕಂಡರಾಗದು. ಆಸ್ಪತ್ರೆ ಪಕ್ಕದ ಬಾಡಿಗೆ ಕೋಣೆಯಲ್ಲೂ ನಮ್ಮೆಲ್ಲರ ಚಪ್ಪಲಿಗಳನ್ನು ಸಾಲಾಗಿ ಜೋಡಿಸಿಡುವ ಮನುಷ್ಯ. ಅವರ ತಮ್ಮನಿಗೆ, ಅಂದರೆ ನನ್ನ ಗಂಡನಿಗೆ, ಪ್ಯಾಂಕ್ರಿಯಾಸ್ ಗಡ್ಡೆಯ ದೊಡ್ಡ ಆಪರೇಷನ್ ಆದ ಮೇಲೆ ವಾರ್ಡಿನಲ್ಲಿ ಹಗಲು ಪಾಳಿ ಅವರದು.

"ಈಗ ನೀರಿನ ಲೆಕ್ಕಾನೇ ಔಷಧಿ," ಎಂದಿದ್ದರು ಡಾಕ್ಟರಮ್ಮ. "ಡ್ರಿಪ್ ಕಮ್ಮಿ ಆದ್ರೆ ಕಿಡ್ನಿ ಕೈ ಕೊಡುತ್ತೆ. ಜಾಸ್ತಿ ಆದ್ರೆ ಕರುಳು ಊದಿ ಒಳಗಿನ ಹೊಲಿಗೆ ಬಿಡಬಹುದು." ನಾನು ತಲೆಯಾಡಿಸಿದೆ. ಆಗ ಯಾರು ಏನು ಹೇಳಿದರೂ ತಲೆಯಾಡಿಸುತ್ತಿದ್ದೆ. ತಲೆ ಬೋಳಿಸಿಕೊಳ್ಳಿ ಎಂದಿದ್ದರೂ ಆಡಿಸುತ್ತಿದ್ದೆನೇನೋ.

ಮರುದಿನ ಸಂಜೆ ಹೋದಾಗ ಗಂಡನ ಮುಖ ಊದಿ ಬೇರೆ ಯಾರದೋ ಆಗಿತ್ತು. ಏದುಸಿರು ಬಿಡುತ್ತಿದ್ದ.

"ಬೆಳಗಿಂದ ಮೂತ್ರ ತುಂಬಾ ಕಮ್ಮಿ," ಎಂದಳು ನರ್ಸ್. "ಅದಕ್ಕೇ ಡ್ರಿಪ್ ಜಾಸ್ತಿ ಮಾಡ್ತಾ ಇದ್ದೀವಿ."

"ಕಮ್ಮಿ ಎಲ್ಲಿ?" ಟವೆಲ್ ಮಡಚುತ್ತಿದ್ದ ಭಾವ ನಕ್ಕರು. "ಮೂತ್ರದ ಚೀಲ ತುಂಬ್ತಾನೇ ಇತ್ತು. ಪಾಪ, ನೀವೊಬ್ರೇ ಎಷ್ಟು ಅಂತ ಓಡಾಡ್ತೀರಿ? ನಾನೇ ಬಚ್ಚಲಿಗೆ ಚೆಲ್ಲಿ ಬಂದೆ."

"ಅಳೀದೇನೇ ಚೆಲ್ಲಿಬಿಟ್ರಾ?" ಎಂದಳು ನರ್ಸ್. ಡ್ರಿಪ್ ನಿಲ್ಲಿಸಿ ಡಾಕ್ಟರಮ್ಮನನ್ನು ಕರೆಯಲು ಓಡಿದಳು. ಭಾವ ಟವೆಲ್ ಬಿಚ್ಚಿ ಮತ್ತೆ ಮಡಚಿದರು.

ನೀರು ಇಳಿಯುವ ಔಷಧಿ ಕೊಟ್ಟರು. ಊತ ಇಳಿಯಿತು, ಹೊಲಿಗೆ ಮಾತ್ರ ತಡೆಯಲಿಲ್ಲ. ಆ ವಾರವೇ ಎಲ್ಲ ಮುಗಿಯಿತು. "ಲೆಕ್ಕ ಸರಿ ಇದ್ರೂ ಕೆಲವು ಸಲ ಬಿಟ್ಕೊಳ್ಳುತ್ತೆ," ಎಂದರು ಡಾಕ್ಟರಮ್ಮ. ನನಗೆ ಅಳುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಕಾಲಿಗೆ ಹಿಡಿಯುವ ಜೋಮು ಮೈಗೆಲ್ಲ ಹಿಡಿದ ಹಾಗಿತ್ತು.

ಕೋಣೆ ಖಾಲಿ ಮಾಡುವ ದಿನ ಭಾವ ಬಾಗಿಲಲ್ಲೇ ನಿಂತರು. ಚಪ್ಪಲಿಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು.

"ನನ್ನಿಂದಾನೇನಮ್ಮಾ?"

"ಇಲ್ಲ ಭಾವ. ಡಾಕ್ಟರೇ ಹೇಳಿದ್ರಲ್ಲ."

ನಿಜ ನನಗೂ ಗೊತ್ತಿರಲಿಲ್ಲ. ಏನಾದರೂ ಮಾಡಬೇಕಲ್ಲ ಎಂದು ಬಗ್ಗಿ ಚಪ್ಪಲಿ ಜೋಡಿಸತೊಡಗಿದೆ. ಭಾವನದು, ನನ್ನದು. ಆಸ್ಪತ್ರೆಗೆ ಸೇರುವ ಮುನ್ನ ಗಂಡ ಬಿಟ್ಟುಹೋಗಿದ್ದ ಜೊತೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತೆ.

ಭಾವ ಅದನ್ನು ಇಸಿದುಕೊಂಡರು. ಧೂಳು ಒರೆಸಿ, ಎರಡೂ ಜೊತೆಗಳ ನಡುವೆ, ದಿನಾ ಇಡುತ್ತಿದ್ದ ಜಾಗದಲ್ಲೇ ನೇರವಾಗಿ ಇಟ್ಟರು.

ಆಗ ಬಂತು ನನಗೆ ಸಿಟ್ಟು.