ಒಳಚಕ್ರ

ಕೊಯ್ಲು ಮುಗಿದು ಬಯಲು ಬೋಳಾಗಿತ್ತು. ಬಿಸಿಗಾಳಿ ಹೊಟ್ಟನ್ನು ಹೊತ್ತು ತಂದು ಬಸ್ ಡಿಪೋದ ಅಂಗಳಕ್ಕೆ ಸುರಿಯುತ್ತಿತ್ತು. ಮೇಸ್ತ್ರಿ ಒಂದು ಬಸ್ಸನ್ನು ಜಾಕಿನ ಮೇಲೆ ನಿಲ್ಲಿಸಿ, ಎಂದಿನಂತೆ ಚಕ್ರಕ್ಕೆ ಸುತ್ತಿಗೆಯಿಂದ ಒಂದೇಟು ಕೊಟ್ಟು ಕಿವಿಗೊಟ್ಟ. ಉಕ್ಕಿನ ಚಕ್ರ ಸರಿಯಿದ್ದರೆ ಠಣ್ ಎನ್ನುತ್ತದೆ. ಬಿರುಕು ಬಿಟ್ಟಿದ್ದರೆ ದನಿ ಒಡೆಯುತ್ತದೆ. ಗಡಿಗೆ ಕೊಳ್ಳುವವರು ಬಡಿದು ನೋಡುವ ಹಾಗೆ ಅವನು ಬದುಕಿಡೀ ಚಕ್ರಗಳನ್ನು ನೋಡಿದ್ದ. ಡಿಪೋದಲ್ಲಿ ಅವನಿಗೆ ಸುತ್ತಿಗೆ ಮೇಸ್ತ್ರಿ ಎಂದೇ ಹೆಸರು.

ಹೊಸ ಅಲ್ಯೂಮಿನಿಯಂ ಚಕ್ರ ಡಬ್ ಎಂದಿತು.

"ಕೇಳಿದ್ಯಾ ಭಾವ? ಇದು ಬಸ್ಸಿನ ಚಕ್ರಾನಾ, ನೀರು ಕಾಯಿಸೋ ಪಾತ್ರೇನಾ?"

ಭಾವ ಎಂದರೆ ತಂಗಿಯ ಗಂಡ; ಡಿಪೋದ ಸ್ಟೋರು ಅವನದು. ಹೊಸ ಚಕ್ರಗಳು ಬಂದದ್ದು ಅವನ ಕೈ ದಾಟಿಯೇ.

"ಅದರ ಸದ್ದೇ ಹಂಗೆ. ಹಗುರ ಅಲ್ವಾ, ಡೀಸೆಲ್ ಉಳಿಯುತ್ತೆ. ನಮ್ಮ ಬಸ್ಸು ಮಾರಿಗೊಂದು ಕಡೆ ನಿಲ್ಲುತ್ತೆ, ಬ್ರೇಕು ಕಾದು ಕೆಂಡ ಆಗುತ್ತೆ. ಇದು ಬಿಸೀನ ಬೇಗ ಹೊರಗೆ ಬಿಡುತ್ತೆ, ಟೈರು ಬೇಯಲ್ಲ. ತುಕ್ಕೂ ಹಿಡಿಯಲ್ಲ."

"ಪಾಠ ಚೆನ್ನಾಗಿ ಒಪ್ಪಿಸ್ತೀಯ. ಹಗುರ ಇರೋದು ಅಷ್ಟು ಜನರ ಭಾರ ಹೆಂಗಯ್ಯ ಹೊರುತ್ತೆ? ಹಳೇ ಚಕ್ರಕ್ಕೆಲ್ಲ ತಾಡಪಾಲು ಹೊದಿಸಿ ಬೀಗ ಯಾಕೆ ಹಾಕಿದೀಯ? ಒಳ್ಳೇ ಮಾಲು ಎಲ್ಲಿಗೆ ಸಾಗಿಸಿದೆ, ಹೇಳು!"

"ಹರಾಜಿಗೆ ಇಟ್ಟಿರೋದು ಅವು."

"ಕಳ್ಳನಿಗೆ ತಂಗೀನ ಕೊಟ್ಟೆನಲ್ಲ!"

ಕೈ ತೊಳೆಯುತ್ತಿದ್ದ ಕೆಲಸದವರೆಲ್ಲ ನಕ್ಕರು. ಭಾವ ನಗಲಿಲ್ಲ, ಬೀಗದ ಕೈ ಗೊಂಚಲನ್ನು ಜೇಬಿಗಿಳಿಸಿ ಸ್ಟೋರಿಗೆ ನಡೆದ.

ಆ ಬಸ್ಸನ್ನು ಓಡಿಸುವವಳು ಮೇಸ್ತ್ರಿಯ ಮಗಳು. ಇಳಿಜಾರಿನಲ್ಲಿ ಚಕ್ರ ಮುರಿದು ಅವಳು ಬಸ್ಸಿನ ಸಮೇತ ಹೊಲಕ್ಕೆ ಉರುಳುವುದು ಅವನ ಕಣ್ಣಿಗೆ ಕಟ್ಟಿತ್ತು, ತುತ್ತು ಒಳಗಿಳಿಯುತ್ತಿರಲಿಲ್ಲ. ಹಿಂದುಗಡೆ ಒಂದೊಂದು ಬದಿಗೂ ಜೋಡಿ ಚಕ್ರ. ಒಳಗಿನದು ಯಾರಿಗೂ ಕಾಣದು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅವನು ಎಡಗಡೆಯ ಒಳಚಕ್ರ ಬಿಚ್ಚಿ, ತನ್ನ ಶೆಡ್ಡಿನ ಮೂಲೆಯಲ್ಲಿದ್ದ ಉಕ್ಕಿನದನ್ನು ಕೂರಿಸಿದ. ಹೊರಗಿನದು ಮುರಿದರೂ ಒಳಗಿನದು ಹಿಡಿದುಕೊಳ್ಳುತ್ತದೆ ಎಂಬುದು ಅವನ ಲೆಕ್ಕ. ಬಿಗಿ ಸಾಕಾದಾಗ ಕಟಕ್ ಎನ್ನುವ ಸ್ಪ್ಯಾನರಿನಿಂದಲೇ ನಟ್ಟುಗಳನ್ನು ತಿರುಗಿಸಿದ. ಪ್ರತಿಯೊಂದೂ ಕಟಕ್ ಎಂದಿತು. ಬಲಗಡೆಯದನ್ನು ನಾಳೆ ನೋಡೋಣವೆಂದುಕೊಂಡು, ಅಂದು ಹೊಟ್ಟೆ ತುಂಬ ಉಂಡ.

ಮರುದಿನ ಬಿಸಿಲೇರುವ ಮುಂಚೆಯೇ ಮಗಳು ಬಸ್ಸನ್ನು ನಡಿಗೆಯ ವೇಗದಲ್ಲಿ ವಾಪಸು ತಂದಳು. ಒಳಗೆ ಒಬ್ಬ ಪ್ರಯಾಣಿಕನೂ ಇರಲಿಲ್ಲ.

"ಅಪ್ಪಾ, ಹಿಂದೆ ಎಡಕ್ಕೆ ಏನೋ ಕುಣೀತಿದೆ. ಎಲ್ಲರನ್ನೂ ಇಳಿಸಿ ಬಂದೆ. ಮಾವ, ನೀವೂ ಬನ್ನಿ."

"ನಾನು ಹೇಳಲಿಲ್ವಾ?" ಎಂದು ಮೇಸ್ತ್ರಿ ಸುತ್ತಿಗೆ ಎತ್ತಿಕೊಂಡು ಬಂದ.

ಭಾವ ಕುಕ್ಕರಗಾಲಲ್ಲಿ ಕೂತು ಒಂದು ನಟ್ಟು ಮುಟ್ಟಿದ. ಅದು ಬೆರಳಿಗೇ ತಿರುಗಿತು. ಹೊರಚಕ್ರ ಬಿಚ್ಚಿಸಿದ. ಒಳಗೆ ಬಣ್ಣ ಸುಲಿದ ಉಕ್ಕು ಕಂಡಿತು. ಅದನ್ನು ನೋಡಿದ, ಮೇಸ್ತ್ರಿಯ ಮುಖ ನೋಡಿದ. ಸುತ್ತ ನಿಂತವರೂ ನೋಡಿದರು.

"ಅಲ್ಯೂಮಿನಿಯಂ ಚಕ್ರ ದಪ್ಪ ಅಂತ ಬೋಲ್ಟುಗಳನ್ನೂ ಉದ್ದದವೇ ಹಾಕಿದ್ವಿ," ಎಂದ ಭಾವ. "ಬೋಲ್ಟಿನ ಬುಡದಲ್ಲಿ ತಿರುಪಿನ ಗೆರೆ ಇಲ್ಲ, ನುಣ್ಣಗಿದೆ. ಉಕ್ಕಿನ ಚಕ್ರ ತೆಳ್ಳಗೆ. ನಟ್ಟು ಗೆರೆ ಮುಗಿದ ಕಡೆ ಸಿಕ್ಕಿಕೊಂಡು ನಿಂತಿತ್ತು. ಚಕ್ರ ಸಡಿಲವಾಗೇ ಉಳೀತು, ಓಡ್ತಾ ಕುಣಿದು ನಟ್ಟೂ ಸಡಿಲ ಆಯ್ತು."

"ಕಟಕ್ ಅಂದಿತ್ತಲ್ಲ..." ಎಂದು ಮೇಸ್ತ್ರಿ ತೊದಲಿದ.

ಮಗಳು ಬೈಯಲಿಲ್ಲ. "ಇನ್ನೊಂದು ಹತ್ತು ಮಾರು ಹೋಗಿದ್ರೆ ಇಳಿಜಾರಪ್ಪಾ," ಎಂದಳು, ಅಷ್ಟೆ.

ಹಳೆಯದು ಇಳಿದು ಅಲ್ಯೂಮಿನಿಯಂ ಚಕ್ರ ಮತ್ತೆ ಏರಿತು. ಜನ ಚದುರಿದ ಮೇಲೆ ಮೇಸ್ತ್ರಿ ಭಾವನ ಪಕ್ಕಕ್ಕೆ ಸರಿದು, ಸ್ಟೋರಿನ ಗೋಡೆಗೂ ಕೇಳದಷ್ಟು ಮೆಲ್ಲಗೆ, "ನಿನ್ನೆ ಅಂದಿದ್ದು ತಪ್ಪಾಯ್ತು ಕಣೋ," ಎಂದ.

"ಕಳ್ಳ ಅಂದಿದ್ದು ಎಲ್ಲರ ಮುಂದೆ. ಇದು ಮಾತ್ರ ನನ್ನೊಬ್ಬನ ಕಿವಿಗಾ?"

ಅಂಗಳದಾಚೆ ಕೆಲಸದವರು ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಮೇಸ್ತ್ರಿ ಅತ್ತ ಎರಡು ಹೆಜ್ಜೆ ಇಟ್ಟ, ನಿಂತ, ಬಸ್ಸಿನ ಕಡೆ ತಿರುಗಿದ. ಸುತ್ತಿಗೆಯಿಂದ ಚಕ್ರಕ್ಕೊಂದು ಕೊಟ್ಟ. ಡಬ್ ಎಂದಿತು.

"ಸದ್ದು ಮಾತ್ರ ಇನ್ನೂ ಸರಿಯಿಲ್ಲ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.